ಅಳತೆ ಬಾಕಿ

ಗುತ್ತಲು ರಸ್ತೆಯಲ್ಲಿ, ಗಿರವಿ ಅಂಗಡಿಗೂ ಮಿಲ್ಟ್ರಿ ಹೋಟೆಲಿಗೂ ನಡುವೆ
ಎಂಟಡಿ ಆರಡಿ ನನ್ನ ಅಂಗಡಿ.
ಕಪಾಟಿನ ಕೆಳಖಾನೆಯಲ್ಲಿ ಕೊಟ್ಟು ಹೋದವರ ಬಟ್ಟೆ:
ಫಾಲ್ ಹಾಕಿಸಿದ ಎರಡು ಸೀರೆ,
ಒಂದು ಲಂಗ, ಅದರ ಹುಡುಗಿ ಈಗ ಉದ್ದವಾಗಿರುತ್ತಾಳೆ,
ಅವುಗಳ ಅಡಿಯಲ್ಲಿ
ಒಂದು ಮೀಟರು ಜಂಪರ್ ಪೀಸು.
ಬದನೆಕಾಯಿ ಬಣ್ಣ, ಸಾಸಿವೆಯಷ್ಟು ಬಿಳಿ ಚುಕ್ಕಿ.
ಗುಂಡುಪಿನ್ನಿಗೆ ಚೀಟಿ, ನನ್ನದೇ ಅಕ್ಷರ:
ಜಯಶೀಲ. ಅಳತೆ ಬಾಕಿ.

'ನಾಳೆ ಅಳತೆ ರವ್ಕೆ ತತ್ತೀನಿ ಕಣಕ್ಕ' ಅಂದಿದ್ದಳು.
ಟೇಪು ನನ್ನ ಕೊರಳಲ್ಲೇ ಇತ್ತು.
ಕೆರಗೋಡು ಬಸ್ಸು ಮೂಲೆಯಲ್ಲಿ ಗುರುಗುಡುತ್ತಿತ್ತು,
ಕೈಯಲ್ಲಿ ಕೊತ್ತಂಬರಿ ಕಟ್ಟು, ಓಡಿದಳು.
ಆ ನಾಳೆಗೆ ಈ ದೀಪಾವಳಿಗೆ ನಾಲ್ಕು ವರ್ಷ.

ಈಗ ನನ್ನ ಬೆನ್ನಿನ ವಿಷಯ.
ಇಪ್ಪತ್ತೆರಡು ವರ್ಷ ಪೆಡಲು ತುಳಿದ ಸೊಂಟಕ್ಕೆ
ಸೋಫಾ ರಿಪೇರಿಯ ಅಕ್ರಂ ಒಂದು ದಿಂಬು ಕೊಟ್ಟ,
ಹದಿನಾರು ಇಂಚು ಚೌಕ, ಬರೀ ಸ್ಪಂಜು.
ಒರಗಿ ಎದ್ದರೆ ಬೆನ್ನೆಲ್ಲ ಹಳದಿ ಪುಡಿ.
ಮೇಲುಹೊದಿಕೆ ಬೇಕು, ಎಣ್ಣೆ ಬೆವರು ಕುಡಿಯುವಂಥದ್ದು,
ವಾರಕ್ಕೊಮ್ಮೆ ಕಳಚಿ ಒಗೆಯುವಂಥದ್ದು.
ತುಂಡು ಬಟ್ಟೆ ಚೀಲದ ತುಂಬ ಇದ್ದವು.
ಕೈ ಯಾಕೋ ಕೆಳಖಾನೆಗೆ ಹೋಯಿತು.

ಕತ್ತರಿ ಮುಟ್ಟಲಿಲ್ಲ.
ಅಗಲವನ್ನು ಎರಡು ಮಡಿಕೆ ಮಾಡಿದೆ, ಹದಿನೆಂಟು ಇಂಚು.
ಉದ್ದದ ಎರಡೂ ತುದಿ ಒಂದೊಂದಿಂಚು ಮಡಚಿ ಹೊಡೆದೆ.
ಆಮೇಲೆ ಸೀದಾ ಮುಖ ಒಳಗೆ, ಉಲ್ಟಾ ಹೊರಗೆ,
ಎರಡು ತುದಿಯೂ ನಡುವೆ ಬಂದು ಒಂದರ ಮೇಲೊಂದು,
ಐದಿಂಚು,
ಚಳಿಗೆ ಕೈ ಕಟ್ಟಿ ನಿಂತವರ ಹಾಗೆ.
ಇನ್ನು ಎರಡು ಪಕ್ಕ ಹೊಲಿದರೆ ಮುಗಿಯಿತು.

ಕಾಜಾ ಹಾಕುತ್ತಿದ್ದ ಮಾದೇವಿ ತಲೆ ಎತ್ತಿದಳು.
'ಜಿಪ್ಪಾಕಲ್ವಾ ಅಕ್ಕ?'
ಬ್ಯಾಡ.
'ಗುಂಡಿನಾರ?'
ಗುಂಡಿಗೆ ತೂತು ಕುಯ್ಬೇಕು.
'ಬಾಗ್ಲು ಅಂದ್ಮೇಲೆ ಚಿಲ್ಕ ಬ್ಯಾಡ್ವಾ?'
ದಿಂಬು ಎಲ್ಲಿಗೆ ಓಡೋಯ್ತದೆ, ಸುಮ್ಕಿರು.
ಅವಳ ಕಣ್ಣು ಮೆಷಿನ್ನಿನ ತಿರುಪಿನ ಮೇಲೆ ಬಿತ್ತು,
ಐದಕ್ಕೆ ಇಟ್ಟಿದ್ದೆ.
'ಇಷ್ಟುದ್ದ ಹೊಲ್ಗೆ ನಿಲ್ತದಾ?'

ನಿಲ್ಲುವಷ್ಟು ನಿಲ್ಲುತ್ತದೆ.
ಜಂಪರಿನ ಒಳಪಕ್ಕ ನಾನು ಯಾವಾಗಲೂ
ಒಂದು ಹೊಲಿಗೆ ಹೆಚ್ಚಿಗೆ ಬಿಡುವವಳು,
ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ.
ಇದು ಪೂರ್ತಿ ಅಂಥ ಹೊಲಿಗೆಯೇ.
ಒಂದು ಕೊನೆಯ ದಾರ ಹಿಡಿದು ಎಳೆದರೆ
ಸರ್ರನೆ ಒಂದು ಮೀಟರು.
ಇಸ್ತ್ರಿ ಹಾಕಿದರೆ ಸೂಜಿಯ ತೂತೂ ಮುಚ್ಚುತ್ತದೆ, ಬಹುಪಾಲು.

ತಿರುವಿ ಹಾಕಿದೆ.
ರೀಫಿಲ್ಲಿಲ್ಲದ ಪೆನ್ನಿನಿಂದ ನಾಲ್ಕು ಮೂಲೆ ತಿವಿದು ಎಬ್ಬಿಸಿದೆ.
ದಿಂಬಿನ ಒಂದು ಹೆಗಲು ಒಳಗೆ, ಇನ್ನೊಂದು ಹೆಗಲು ಒಳಗೆ,
ತಟ್ಟಿದೆ. ಕೂತಿತು.

ನಿನ್ನ ಎದೆ ಸುತ್ತಳತೆ ಗೊತ್ತಿಲ್ಲ ಜಯಶೀಲ,
ತೋಳಿನ ಉದ್ದ ಗೊತ್ತಿಲ್ಲ,
ಕೊರಳು ಗುಂಡೋ ಚೌಕವೋ ನೀನೂ ಹೇಳಲಿಲ್ಲ.
ಬೇರೆ ಟೈಲರು ಸಿಕ್ಕಿರಬೇಕು,
ಕೆರಗೋಡು ಬಿಟ್ಟು ಗಂಡನ ಊರು ಸೇರಿರಬೇಕು,
ಇಲ್ಲ, ಮರೆತಿರಬೇಕು, ಜಂಪರ್ ಪೀಸು ಏನು ಮಹಾ.
ಇನ್ನೊಂದಿದೆ. ಅದನ್ನು ನಾನು ಯೋಚಿಸುವುದಿಲ್ಲ.

ಚೀಟಿ ಎಸೆಯಲಿಲ್ಲ.
ಎರಡು ತುದಿ ಕೂಡುವಲ್ಲಿ ಕೈ ಹಾಕಿದರೆ
ಸ್ಪಂಜಿಗೂ ಬಟ್ಟೆಗೂ ನಡುವೆ ಸಿಗುತ್ತದೆ.
ಬುಧವಾರ ಒಗೆಯುವ ದಿನ ತೆಗೆದು
ಬಾಬಿನ್ ಡಬ್ಬಿಯಲ್ಲಿಟ್ಟು, ಮತ್ತೆ ಒಳಗೆ.

ಶಟರಿನ ಕೊಕ್ಕೆಗೆ ಒಣಗಹಾಕಿದ್ದು ನೋಡಿ
ಅಕ್ಕಪಕ್ಕದವರು ಕೇಳುತ್ತಾರೆ, 'ಚೆಂದಾಗೈತೆ, ಯಾರ್ದು?'
ಗಿರಾಕಿದು ಅನ್ನುತ್ತೇನೆ.
'ಯಾವಾಗ ಕೊಡ್ಬೇಕು?'
ಬಂದಾಗ.

ನೆರಳಲ್ಲೇ ಒಣಗಿಸಿದರೂ
ಬಣ್ಣ ಒಂದು ಚೂರು ಬಿಟ್ಟಿದೆ.
ಬಂದರೆ
ಅದೊಂದು ಹೇಳಬೇಕು.