ಮಸಿ ಗೀಟು

ಜೆಪ್ಪು ಮಾರ್ಕೆಟ್ಟಿನ ಹತ್ತಿರ ಭಂಡಾರಿಯ ಸೆಲೂನಿನಲ್ಲಿ
ಎದುರುಬದುರು ಎರಡು ಕನ್ನಡಿ.
ಒಂದು ಮಾತು ನಡುವೆ ಬಿದ್ದರೆ
ನೂರಾಗಿ, ಸಣ್ಣದಾಗಿ, ಹಸಿರುಗಟ್ಟಿ
ಕೊನೆ ಕಾಣದಷ್ಟು ಒಳಗೆ ಹೋಗುತ್ತದೆ.

ಇವತ್ತು ಬಿದ್ದದ್ದು ಹೊಸ ಕಾಯಿನ್ನಿನ ಮಾತು.
ಕೈಗೆ ಸಿಗದ, ಮೇಜಿಗೆ ಬಿದ್ದರೆ ಠಣ್ ಎನ್ನದ ಕಾಯಿನ್ನು.

"ಅದನ್ನು ಮಾಡಿದವನಿಗೆ ಮುಖವೇ ಇಲ್ಲ, ಪಿಗ್ಮಿ ರಾಯರೇ."
ದಾಮು ಭಂಡಾರಿಯ ಕತ್ತರಿ ನನ್ನ ಕಿವಿಯ ಬಳಿ ನಿಂತಿತು.
"ಒಬ್ಬ ಮನುಷ್ಯನೇ ಅಲ್ಲವಂತೆ.
ನಾಲ್ಕು ದೇಶದ ಗೂಢಚಾರರು ಸೇರಿ ಬಿಟ್ಟ ಗಾಳ.
ಮೊದಲು ನಮ್ಮೂರ ಬ್ಯಾಂಕುಗಳ ಬೋರ್ಡು ಇಳಿಯಿತು,
ಆಮೇಲೆ ನೋಟು ಹೋಯಿತು,
ಇನ್ನು ಉಳಿದದ್ದು ನಿಮ್ಮ ಹೆಬ್ಬೆರಳು."

ಬೆಂಚಿನಿಂದ ರೊಯ್‌ಸ್ಟನ್ ನಕ್ಕ. ಮೊಬೈಲು ರಿಪೇರಿಯ ಹುಡುಗ.
"ಎಲ್ಲ ತೆರೆದೇ ಉಂಟು ಅಂಕಲ್.
ಕೋಡ್ ಉಂಟು, ಲೆಕ್ಕ ಉಂಟು,
ಯಾರು ಬೇಕಾದರೂ ಓದಬಹುದು."
"ನೀನು ಓದಿದೆಯಾ?"
ರೊಯ್‌ಸ್ಟನ್
ಬಾಚಣಿಗೆಗಳು ಮುಳುಗಿದ ನೀಲಿ ನೀರನ್ನು ನೋಡಿದ.
"ಓದಿದವರು ಇದ್ದಾರೆ."
"ಅದೇ. ಅವರು ಯಾರು?"

ಉತ್ತರ ಬಂದರೆ ಅದೂ ಗಾಳದ್ದೇ ದಾರ.
ಬಾರದಿದ್ದರೆ, ಕಂಡಿರಾ, ಮುಚ್ಚಿಟ್ಟರು.

ನನ್ನ ತಲೆ ಅರ್ಧ ಮುಗಿದಿತ್ತು,
ಎದ್ದು ಹೋಗುವ ಹಾಗಿರಲಿಲ್ಲ.

ಮೂವತ್ತೊಂದು ವರ್ಷ ಪಿಗ್ಮಿ ಎತ್ತಿದವ ನಾನು.
ಬೋಳಾರ, ಜೆಪ್ಪು, ಮಂಗಳಾದೇವಿಯ ಹಿಂದಿನ ಓಣಿಗಳು,
ಹೆಗಲಿಗೆ ರೆಕ್ಸಿನ್ ಚೀಲ, ದಿನಕ್ಕೆ ಎಂಬತ್ತು ಬಾಗಿಲು.
ನಾಯಿಗಳು ಬೊಗಳುವುದು ನಿಂತಾಗ
ನಂಬಿಕೆ ಹುಟ್ಟಿತು ಅಂದುಕೊಂಡಿದ್ದೆ.

ಅಪ್ಪಿ ಪೂಜಾರ್ತಿ ಬೀಡಿ ಕಟ್ಟುವವಳು.
ಮಡಿಲ ಮೊರದಲ್ಲಿ ಎಲೆ, ಉಗುರಲ್ಲಿ ಹೊಗೆಸೊಪ್ಪಿನ ಹುಡಿ.
ದಿನಕ್ಕೊಂದು ರೂಪಾಯಿ
ಸೆರಗಿನ ಗಂಟು ಬಿಚ್ಚಿ ಕೊಡುವಳು, ಬೆಚ್ಚಗೆ.
ಕಾರ್ಡಿನಲ್ಲಿ ನಾನು ಬರೆದದ್ದು ಅವಳಿಗೆ ಇರುವೆಯ ಸಾಲು.
ಆದರೆ ನಾನು ಮೆಟ್ಟಿಲಿಳಿದ ಮೇಲೆ
ಬಾಗಿಲ ಹಿಂದಿನ ಗೋಡೆಗೆ ಒಂದು ಮಸಿ ಗೀಟು.
ಅದು ನನಗೆ ಗೊತ್ತಿರಲಿಲ್ಲ.

ವರ್ಷ ತುಂಬಿದ ದಿನ ಬಾಗಿಲು ಮುಚ್ಚಿ ನಿಲ್ಲಿಸಿದಳು.
ಆಚೆಮನೆಯ ಬೀಪಾತುಮ್ಮನನ್ನೂ ಕರೆದಳು.
ಅವಳ ಗೋಡೆಯಲ್ಲೂ ಅಪ್ಪಿಯ ಲೆಕ್ಕ ಇತ್ತಂತೆ,
ಅಪ್ಪಿಯದರಲ್ಲಿ ಅವಳದು.
ಗೀಟುಗಳೂ ಇಪ್ಪತ್ತೈದರ ಕಟ್ಟು, ಬೀಡಿಯ ಹಾಗೆಯೇ.
ಬೆರಳಿಟ್ಟು ಎಣಿಸಿದರು,
ಬೇಲಿ ದಾಟಿ ಹೋಗಿ ಮತ್ತೆ ಎಣಿಸಿದರು.
ಎರಡು ಗೋಡೆಯಲ್ಲೂ ಮುನ್ನೂರ ಹನ್ನೆರಡು.
ನನ್ನ ಪುಸ್ತಕದಲ್ಲಿ ಮುನ್ನೂರ ಹನ್ನೊಂದು.

"ಬರೆಯಲು ಮರೆತಿರಬೇಕು," ಅಂದೆ.
ಅಪ್ಪಿ ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿದಳು.
"ಆಯ್ತು. ಈಗ ಬರೆಯಿರಿ."

ಅವಳ ಸಂಶಯ ಒಂದು ರೂಪಾಯಿಯದ್ದು,
ಒಂದು ರೂಪಾಯಿಗೆ ಮುಗಿಯಿತು.
ಮರುದಿನವೂ ನಾಣ್ಯ ಬೆಚ್ಚಗಿತ್ತು.
ಮರುದಿನವೂ ಗೀಟು ಬಿತ್ತು.

ಮರೆತದ್ದಲ್ಲ.
ಆಟಿಯ ಒಂದು ಸಂಜೆ, ಹಂಪನಕಟ್ಟೆಯಲ್ಲಿ,
ಒಂದು ಪ್ಲೇಟು ಗೋಳಿಬಜೆ, ಅರ್ಧ ಚಾ.
ಇಷ್ಟು ವರ್ಷ ಯಾರಿಗೂ ಹೇಳಿಲ್ಲ.
ಈ ಕನ್ನಡಿಗಳ ನಡುವೆ ಹೇಳಿದರೆ
ನಾಳೆಗೆ ಅದು ಒಂದು ಲಕ್ಷವಾಗಿ
ನಾಲ್ಕು ದೇಶ ಸುತ್ತಿ ಬರುತ್ತದೆ.

"ನೀವೇ ಹೇಳಿ ಅಂಕಲ್, ನಂಬಬಹುದಾ ಇಲ್ಲವಾ?"
"ನನಗೆಂತ ಗೊತ್ತು ಮಾರಾಯ," ಅಂದೆ.
"ನಿನ್ನ ಗೋಡೆ ಎಲ್ಲುಂಟು?"
ಅವನಿಗೆ ಅರ್ಥವಾಗಲಿಲ್ಲ. ಫೋನು ತೆಗೆದು
ಏನೋ ಹುಡುಕತೊಡಗಿದ.

ಭಂಡಾರಿ ಮೂರನೆಯ ಕನ್ನಡಿ ಹಿಡಿದು
ನಾನು ಎಂದೂ ಕಾಣದ ನನ್ನ ಹಿಂದಲೆ ತೋರಿಸಿದ.
ಸರಿ ಉಂಟು ಅಂದೆ. ಬೇರೇನು ಹೇಳುವುದು.

ಚೌಕದ ಚಿತ್ರಕ್ಕೆ ಫೋನು ಹಿಡಿದೆ.
ಕಪಾಟಿನ ಮೇಲಿನ ಡಬ್ಬಿ
ಯಾವುದೋ ಹೆಂಗಸಿನ ಸ್ವರದಲ್ಲಿ
ನೂರ ಇಪ್ಪತ್ತು ರೂಪಾಯಿ ಬಂತು ಎಂದಿತು.
ಯಾರನ್ನೂ ನಂಬದ ಭಂಡಾರಿ
ತಲೆಯೆತ್ತಿ ಕೂಡ ನೋಡದೆ
ರೊಯ್‌ಸ್ಟನ್ನನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದ.