ಬೆಂಕಿಪೊಟ್ಟಣದ ಲೆಕ್ಕ

ಗೋಡೆಗೂ ಕಿವಿಯುಂಟು ಅನ್ನುವವರು
ಬೊಲಿವಿಯದ ಈ ಕಣಿವೆಗೆ, ನಮ್ಮ ಮೊಲ್ಯೆಪಂಪಕ್ಕೆ ಬಂದು
ಒಂದು ರಾತ್ರಿ ಮಲಗಲಿ.
ಇಲ್ಲಿ ಗೋಡೆಗೆ ಬಾಯಿಯುಂಟು.

ದೀಪ ಆರಿದ ಮೇಲೆ ಮಣ್ಣಿಟ್ಟಿಗೆಯ ಬಿರುಕಿನಿಂದ
ವಿಂಚೂಕ ಇಳಿಯುತ್ತದೆ,
ಕುಂಬಳಬೀಜದ ಹಾಗೆ ಚಪ್ಪಟೆ, ಅಂಚಿಗೆ ಪಟ್ಟೆ.
ನಿದ್ದೆಯಲ್ಲಿರುವ ಮಗುವಿನ ರೆಪ್ಪೆಯ ಪಕ್ಕ
ನೋವಾಗದ ಹಾಗೆ ಕೂತು ಕುಡಿದು,
ಹೊಟ್ಟೆ ದ್ರಾಕ್ಷಿಯಾದ ಮೇಲೆ
ಅಲ್ಲೇ ಹಿಕ್ಕೆ ಹಾಕಿ ಹೋಗುತ್ತದೆ.
ರೋಗ ಇರುವುದು ಕಡಿತದಲ್ಲಲ್ಲ, ಆ ಹಿಕ್ಕೆಯಲ್ಲಿ.
ತುರಿಸಿಕೊಂಡ ಬೆರಳೇ ಅದಕ್ಕೆ ಬಾಗಿಲು ತೆಗೆಯುತ್ತದೆ.

ನಾನು ತೊರೀಬಿಯ.
ಆಸ್ಪತ್ರೆಯವರು ನನಗೆ ಕೊಟ್ಟದ್ದು ಒಂದು ಇಕ್ಕಳ, ಒಂದು ನೋಟ್‌ಬುಕ್,
ಬಾಗಿಲಿಗೆ ಹೊಡೆಯಲು ಒಂದು ತಗಡಿನ ಬೋರ್ಡು.
ಸಂಬಳ ಇಲ್ಲ.
ಊರವರು ಕೊಟ್ಟದ್ದು ಒಂದು ಹೆಸರು: ತಿಗಣೆ ಗುಮಾಸ್ತೆ.

ಮೊದಲ ವರ್ಷ ಯಾರೂ ಬರಲಿಲ್ಲ.
ತಿಗಣೆ ಇದೆ ಅಂದರೆ
ಸೊಸೆಗೆ ಕಸ ಗುಡಿಸಲು ಬಾರದು ಅಂದ ಹಾಗೆ.
ಕೊನೆಗೆ ಎಫ್ರೊಸೀನ ಅಜ್ಜಿ ಬಂದಳು.
ಹಿಂದೆ ಮುಂದೆ ನೋಡಿ, ಶಾಲಿನ ಮಡಿಕೆಯಿಂದ ಬೆಂಕಿಪೊಟ್ಟಣ ತೆಗೆದು
"ನಮ್ಮನೇದಲ್ಲ, ಪಕ್ಕದ ಮನೇದು" ಅಂದಳು.
ಒಳಗೆ ಏನೋ ಪರಪರ ಕೆರೆಯುತ್ತಿತ್ತು.
ಬರೆದುಕೊಂಡೆ: ಮಾರ್ಚ್ ಒಂಬತ್ತು. ಜೀವಂತ. ಪಕ್ಕದ ಮನೆಯದು.
ಮರುವಾರ ಪಕ್ಕದ ಮನೆಯವರೂ ಒಂದು ತಂದರು.
ಅದೂ ಪಕ್ಕದ ಮನೆಯದು.

ಕಸಿಯಾನೊ ತಂದದ್ದು ಪೊಟ್ಟಣವಲ್ಲ, ಎಕ್ಸ್‌ರೇ.
ಕಿಟಕಿಯ ಬೆಳಕಿಗೆ ಹಿಡಿದ:
"ನನ್ನ ಹೃದಯ ಬಹಳ ದೊಡ್ಡದಂತೆ, ಡಾಕ್ಟರೇ ಹೇಳಿದರು.
ಹೆಂಡತಿ ಮಾತ್ರ ನಲವತ್ತು ವರ್ಷವಾದರೂ ಒಪ್ಪಿಲ್ಲ."
ನಾನು ನಕ್ಕೆ. ಅವನಿಗೆ ನಗುವಷ್ಟು ಉಸಿರಿರಲಿಲ್ಲ,
ಹೊಸ್ತಿಲ ಮೇಲೆ ಕೂತ.
ಅವನ ತಮ್ಮ, ಚೆಂಡಿನ ಹಿಂದೆ ಓಡಿದವನು,
ನಡುಮೈದಾನದಲ್ಲಿ ಮಲಗಿಬಿಟ್ಟಿದ್ದ, ಮೂವತ್ತೊಂದಕ್ಕೆ.
ಆಗ ನಾವದನ್ನು
ಬಿಸಿಲು ಅಂದಿದ್ದೆವು.

ಕಸಿಯಾನೊನ ಎದೆಗೆ ಯಂತ್ರ ಬೇಕಿತ್ತು.
ಬೆಲೆ ಕೇಳಿ ಅವನು ತನ್ನ ಎತ್ತುಗಳ ಕಡೆ ನೋಡಿದ.
ಗುರುವಾರ ಗುರುವಾರ ಮೊಲ್ಯೆ ಮರದ ಬುಡದಲ್ಲಿ ಸೇರಿದೆವು,
ಎದೆ ಡವಗುಟ್ಟುವವರು, ಡವಗುಟ್ಟುವುದನ್ನು ಮುಚ್ಚಿಟ್ಟವರು,
ಸುಮ್ಮನೆ ನೋಡಲು ಬಂದು ಉಳಿದವರು.
ಕಡಲೆಕಾಯಿ ಸೂಪು ಮಾಡಿ ಸಂತೆಯಲ್ಲಿ ಮಾರಿದೆವು,
ಹನ್ನೊಂದು ತಿಂಗಳು. ನನ್ನ ಮೈ ಈಗಲೂ ಅದೇ ವಾಸನೆ.
ಎತ್ತು ಉಳಿಯಿತು. ಯಂತ್ರ ಬಂತು,
ಬೇರೆ ಯಾರದೋ ಎದೆಯಲ್ಲಿ ಮುಂಚೆ ಇದ್ದದ್ದು.
"ಸತ್ತವನ ಕೈಗಡಿಯಾರ ಕಟ್ಟಿಕೊಂಡ ಹಾಗೆ" ಅನ್ನುತ್ತಾನೆ,
"ಟೈಮು ಮಾತ್ರ ಸರಿಯಾಗಿದೆ."

ಹೆರ್ಮೀನಿಯಳ ಕೂಸಿಗೆ ತಿಗಣೆ ಮುಟ್ಟಿರಲೇ ಇಲ್ಲ,
ಬಸಿರಿನಲ್ಲೇ ಬಂದಿತ್ತು.
ಪುಡಿ ಮಾಡಿದ ಮಾತ್ರೆ, ಅರವತ್ತು ದಿನ.
ಅವಳಿಗೆ ಓದು ಬಾರದು; ಜಾಡಿಯಲ್ಲಿ ಅರವತ್ತು ಮೆಕ್ಕೆಜೋಳದ ಕಾಳು,
ದಿನಕ್ಕೊಂದು ತೆಗೆದು ಕೋಳಿಗೆ.
ಜಾಡಿ ಬರಿದಾದ ದಿನ ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಕೋಳಿ,
ಇಬ್ಬರಿಗೂ ಮುಗಿಯಿತು ಎಂದು ಹೇಳಲು ಬಂದಳು.

ನಿನ್ನೆ ರಾತ್ರಿ ನನ್ನ ದಿಂಬಿನ ಕೆಳಗೆ ಒಂದು ಸಿಕ್ಕಿತು.
ಐದು ವರ್ಷ ಊರಿಗೆಲ್ಲ ಸಾರಿದ್ದೇನೆ:
ಹೊಸಕಬೇಡಿ, ಹಿಡಿದು ತನ್ನಿ, ರಕ್ತ ಕೊಡಿ.
ಈಗ ಚಪ್ಪಲಿ ಎತ್ತಿದ ಕೈ ನನ್ನದೇ.
ನಾನು ರಕ್ತ ಕೊಟ್ಟಿರಲಿಲ್ಲ.
ಗೊತ್ತಿಲ್ಲದಿರುವುದೂ ಒಂದು ಕಂಬಳಿ,
ತೂತಿದ್ದರೂ ಹೊದ್ದುಕೊಂಡೇ ಇದ್ದೆ.

ಚಪ್ಪಲಿ ಕೆಳಗಿಟ್ಟು ನೋಟ್‌ಬುಕ್ ತೆರೆದೆ.
ತಾರೀಕು. ಜೀವಂತ.
ಎಲ್ಲಿ ಸಿಕ್ಕಿತು ಎಂಬಲ್ಲಿ 'ಪಕ್ಕದ ಮನೆ' ಎಂದು ಬರೆದು
ಹೊಡೆದುಹಾಕಿದೆ.

ಬೆಳಿಗ್ಗೆ ಬಸ್ಸಿನ ಹತ್ತಿರ ಕಸಿಯಾನೊ ಕೂತಿದ್ದ,
ಮಡಿಲಲ್ಲಿ ಹೆರ್ಮೀನಿಯಳ ಅದೇ ಜಾಡಿ, ಮತ್ತೆ ತುಂಬಿದ್ದು.
"ಎಣಿಸಿದ್ದೇನೆ. ಬೇಕಾಗಬಹುದು" ಅಂದ,
ಸ್ವಲ್ಪ ಉಸಿರು ತೆಗೆದುಕೊಂಡು,
"ಬೇಡವಾದರೆ ಹುರಿದು ತಿನ್ನೋಣ."