ಸವಕಳಿ

ಫೆಬ್ರವರಿಯ ಮೂರನೇ ವಾರ ಲೈಲ್ ಹೆನ್ನಿಂಗ್ ಬರುತ್ತಾನೆ,
ಬರ್ಲಿಂಗ್‌ಟನ್ನಿನ ನದಿಯ ಬೀದಿ, ಲಾಂಡ್ರಿಯ ಮೇಲಣ ನನ್ನ ಕೋಣೆಗೆ,
ಬೂಟಿನ ಡಬ್ಬಿಯ ತುಂಬ ರಸೀದಿ ಹಿಡಿದು.
ಹನ್ನೊಂದು ವರ್ಷ ಅವನ ತೆರಿಗೆ ಲೆಕ್ಕ ಬರೆದವಳು ನಾನು.

ಉದ್ಯೋಗ ಎಂಬ ಗೆರೆಯ ಮೇಲೆ 'ಪಿಚರ್' ಎಂದು
ಮೊದಲ ಸಲ ಬರೆಯುವಾಗ ಕುರ್ಚಿಯ ತುದಿಗೆ ಬಂದಿದ್ದ,
ನಾನೆಲ್ಲಿ ಸ್ಪೆಲಿಂಗ್ ತಪ್ಪುತ್ತೇನೋ ಎಂಬ ಹಾಗೆ.

ಸಹಿ ಹಾಕಿದ್ದಕ್ಕೆ ಆರು ಸಾವಿರ; ಅಮ್ಮನ ಹಲ್ಲು ಕಟ್ಟಿಸಲು ಹೋಯಿತು.
ಆಮೇಲೆ ವರ್ಷಕ್ಕೆ ಐದು ತಿಂಗಳ ಸಂಬಳ,
ಉಳಿದ ಏಳಕ್ಕೆ ಟೈರ್ ಅಂಗಡಿ.
ಬಸ್ಸಿನ ಕಿಟಕಿಗೆ ಕೆನ್ನೆ ಹಚ್ಚಿ ನಿದ್ದೆಹೋದ ರಾತ್ರಿಗಳು
ಯಾವ ಕಾಲಮ್ಮಿಗೂ ಹೊಂದಲಿಲ್ಲ, ಬಿಟ್ಟೆ.

ಒಂದು ವರ್ಷ ಮಾತ್ರ
ದೊಡ್ಡ ಲೀಗಿನಲ್ಲಿ ಹತ್ತೊಂಬತ್ತು ದಿನ.
ಐವತ್ತೈದು ಸಾವಿರದ ಚಿಲ್ಲರೆ ಡಾಲರು.
ಎಸೆದ ಊರಿಗೊಂದು ತೆರಿಗೆ: ನಾಲ್ಕು ರಾಜ್ಯ, ನಾಲ್ಕು ಫಾರಂ.
ಎಸೆದದ್ದು ಅರವತ್ತೊಂದು ಚೆಂಡು.
ಅವನು ಕೇಳಲಿಲ್ಲ, ನಾನೇ ಭಾಗಿಸಿದೆ,
ಚೆಂಡೊಂದಕ್ಕೆ ಒಂಬೈನೂರರ ಮೇಲೆ,
ಕಾಗದ ತಿರುಗಿಸಿ ತೋರಿಸಿದೆ.
"ಕ್ಯಾಚರನ ತಲೆಯ ಮೇಲೆ ಹಾರಿಹೋದವಲ್ಲ ಎರಡು, ಅವಕ್ಕೆ?"
"ಅವಕ್ಕೂ ಅಷ್ಟೇ."
ಅಂದು ಅವನು ನಕ್ಕ ನಗೆಯಲ್ಲಿ
ಕೆಳಗಿನ ಒಗೆಯುವ ಯಂತ್ರಗಳ ಸದ್ದು ಕೇಳಿಸಲಿಲ್ಲ.

ಮರುವರ್ಷ ಕೈಕೊಟ್ಟದ್ದು ಕೈಯೇ.
ಮಣಿಕಟ್ಟಿನ ನರ ತೆಗೆದು ಮೊಣಕೈಗೆ ಹೊಲಿದರು,
ಹರಿದ ಕಾಲುಚೀಲಕ್ಕೆ ಹಳೆ ಸ್ವೆಟರಿನ ದಾರ ಹಾಕುತ್ತಾರಲ್ಲ, ಹಾಗೆ.
ಎಡಗೈ ದುಡಿದದ್ದು ಬಲಗೈಗೆ ತಿಳಿಯುವ ಮೊದಲೇ ಮುಗಿದಿತ್ತು.

ಈ ಸಲ ಡಬ್ಬಿ ಹಗುರ. ಕೂತವನು ಮೆಲ್ಲನೆ ಕೇಳಿದ:
"ಜೋಳದವರ ಟ್ರಾಕ್ಟರಿಗೆ ವರ್ಷಾ ವರ್ಷ ಏನೋ ಕಳೆಯುತ್ತೀಯಲ್ಲ, ಅದೇನು?"
ಸವಕಳಿ, ಅಂದೆ.
ಮೊಣಕೈಯನ್ನು ಮೇಜಿನ ಮೇಲಿಟ್ಟ. ಪೂರ್ತಿ ಚಾಚದು ಅದು ಈಗ;
ಗಾಯದ ಗುರುತು ಬಿಳಿ ಜಿಪ್ಪಿನಂತೆ.
"ಇದಕ್ಕೆ?"
ಕೊಂಡ ವಸ್ತುವಿಗಷ್ಟೇ, ಲೈಲ್.
ಹುಟ್ಟುವಾಗಲೇ ಬಂದದ್ದಕ್ಕೆ ರಸೀದಿ ಎಲ್ಲಿದೆ?

ತಲೆಯಾಡಿಸಿದ. ಉದ್ಯೋಗದ ಗೆರೆಗೆ ಬಂದು ಪೆನ್ನು ನಿಲ್ಲಿಸಿದೆ.
ಕಿಟಕಿಯಾಚೆ ಮಿಸಿಸಿಪ್ಪಿಯ ಮೇಲೆ ಮಂಜುಗಡ್ಡೆ ಬಿರಿಯುತ್ತಿತ್ತು.
"ಟೈರು," ಅಂದ. "ಬರಿ, ಟೈರು."

ಇಳಿದುಹೋದವನು ಯಾರದೋ ಕಾರಿನ ಮೇಲಣ ಹಿಮ ಗೋರಿ ಉಂಡೆ ಕಟ್ಟಿದ,
ಅತ್ತಿತ್ತ ನೋಡಿದ, ದೀಪದ ಕಂಬಕ್ಕೆ ಬೀಸಿದ,
ಬಲಗೈಯಲ್ಲಿ.
ಮೂರಡಿ ಆಚೆ ಬಿತ್ತು.
ಬಗ್ಗಿ ಇನ್ನೊಂದು ಕಟ್ಟತೊಡಗಿದ.